ಸಭಾಮಂದಿರದ ತೊಲೆ

“ಸ್ವಲ್ಪ ಎಡಕ್ಕೆ, ಇನ್ನೂ ಎಡಕ್ಕೆ,” ಎನ್ನುತ್ತಾ ನಾಲ್ವರು ಶವಪೆಟ್ಟಿಗೆಯನ್ನು ಗಾಜಿನ ಬಾಗಿಲೊಳಗೆ ತೂರಿಸಿದರು. ಹಿಂದೆ ಬಂದ ಮಗಳು ಪೆಟ್ಟಿಗೆಯನ್ನು ನೋಡಲಿಲ್ಲ. ತಲೆಯೆತ್ತಿ ಚಾವಣಿಯ ಕಾಂಕ್ರೀಟ್ ತೊಲೆಯನ್ನು ನೋಡಿದಳು.

ಎರಡು ವರ್ಷದ ಹಿಂದಿನವರೆಗೂ ಇದು ಅವರ ಪುಟ್ಟ ಪಂಗಡದ ಪ್ರಾರ್ಥನಾಮಂದಿರ. ಅಪ್ಪ ಮೂವತ್ತೊಂದು ವರ್ಷ ಇದರ ಬಾಗಿಲು ತೆರೆದು ನೆಲ ಒರೆಸಿದವನು. ಬರುವವರು ಹತ್ತು ಮನೆಯವರಷ್ಟೇ ಉಳಿದಾಗ ಸಭೆ ಕಟ್ಟಡವನ್ನು ಮಾರಿತು. ಈಗ ಇದು ಮಕ್ಕಳ ಕಸರತ್ತು ಶಾಲೆ. ಪೀಠವಿದ್ದಲ್ಲಿ ನೀಲಿ ಹಾಸುಗಳು, ತೊಲೆಯಿಂದ ಇಳಿಬಿದ್ದ ದಪ್ಪ ಹಗ್ಗಗಳು. ಅಪ್ಪನ ಅಂತ್ಯಪ್ರಾರ್ಥನೆಗೆಂದು ಶಾಲೆಯ ಯಜಮಾನಿಯೇ ಒಂದು ಗಂಟೆ ಬಿಟ್ಟುಕೊಟ್ಟಿದ್ದಳು.

“ಹಗ್ಗ ಕಟ್ಟಿರೋದು ಆ ತೊಲೆಗಾ?” ಮಗಳು ಮೆಲ್ಲಗೆ ಕೇಳಿದಳು.

“ಹೂಂ. ಒಂದೇ ಸಲಕ್ಕೆ ಆರು ಮಕ್ಕಳು ಹತ್ತುತ್ತಾರೆ,” ಎಂದಳು ಯಜಮಾನಿ. “ಹನ್ನೊಂದಕ್ಕೆ ಬರ್ತಾರೆ, ನೋಡಿ.”

ಮಗಳು ಮತ್ತೆ ತೊಲೆಯತ್ತ ನೋಡಿದಳು.

*

ಕೊನೆಯ ವಾರ ಅಪ್ಪ ಅವಳ ಮಣಿಕಟ್ಟು ಹಿಡಿದುಕೊಂಡು ಹೇಳಿದ್ದ: “ತೊಲೆ ಬಿರುಕು ಬಿಟ್ಟಿದೆ ಕಣೇ. ಮಾರೋ ಮುಂಚೆ ಏಣಿ ಹತ್ತಿ ಅದರ ಮೇಲೆ ಕಾಗದ ಅಂಟಿಸ್ತಿದ್ದೆ, ಬೆಳೀತಿದೆಯಾ ಅಂತ. ಮೂರು ಸಲಾನೂ ಹರೀತು. ಸಭೆಯ ಹಿರಿಯರಿಗೆ ಹೇಳ್ದೆ. ‘ಸುಣ್ಣ ಹೊಡೆದು ಸುಮ್ಮನಿರು, ಇಲ್ದಿದ್ರೆ ಯಾರೂ ಕೊಳ್ಳಲ್ಲ’ ಅಂದ್ರು.”

“ನೀನೇನು ಮಾಡ್ದೆ?”

“ಹೊಡೆದೆ.”

ಆಮೇಲೆ ಗೋಡೆಯ ಕಡೆ ಮಗ್ಗುಲಾದ. ಕೊಂಡವರು ಸರಿಮಾಡಿಸಿರುತ್ತಾರೆಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

*

“ಅವನಂಥ ಪ್ರಾಮಾಣಿಕ ಇನ್ನೊಬ್ಬನಿಲ್ಲ,” ಎಂದು ಅದೇ ಹಿರಿಯರು ಪೆಟ್ಟಿಗೆಯ ಪಕ್ಕ ನಿಂತು ಶುರುಮಾಡಿದರು.

ಸುಣ್ಣದಡಿಯಿಂದ ಬಿರುಕು ಮತ್ತೆ ಹೊರಬಂದಿತ್ತು, ಕೆಳಗಿನಿಂದಲೇ ಕಾಣುವಷ್ಟು. ತಾನು ಬಾಯಿಬಿಟ್ಟರೆ ಅಪ್ಪ ಮಣ್ಣಿಗೆ ಹೋಗುವ ದಿನವೇ ಅವನ ಹೆಸರೂ ಮಣ್ಣುಪಾಲು. ನೀಲಿ ಹಾಸಿನ ಮೇಲೆ ಸಣ್ಣಗೆ ಏನೋ ಉದುರಿತು. ಬಿಳಿಯ ಪುಡಿ.

ಅವಳು ಎದ್ದಳು. “ಎಲ್ಲರೂ ಆಚೆ ಬನ್ನಿ. ತೊಲೆ ಬಿರುಕು ಬಿಟ್ಟಿದೆ. ಅಪ್ಪನಿಗೆ ಗೊತ್ತಿತ್ತು. ಸುಣ್ಣ ಹೊಡೆದು ಮುಚ್ಚಿದ್ದ.”

“ದುಃಖದಲ್ಲಿ ಏನೇನೋ ಮಾತಾಡ್ತಿದಾಳೆ,” ಎಂದರು ಹಿರಿಯರು. ಆದರೆ ಅವರ ಕಣ್ಣು ತಾನಾಗಿಯೇ ಮೇಲೆ ಹೋಯಿತು, ಸರಿಯಾಗಿ ಅದೇ ಜಾಗಕ್ಕೆ. ಯಜಮಾನಿ ಅದನ್ನು ಕಂಡಳು.

ಯಾರೂ ಓಡಲಿಲ್ಲ. ಉಸಿರು ಬಿಗಿಹಿಡಿದು, ತುದಿಗಾಲಲ್ಲಿ, ಪೆಟ್ಟಿಗೆಯನ್ನು ಹೊತ್ತು ಹೊರಬಂದರು. ವಾಹನ ನಿಲ್ಲಿಸುವ ಅಂಗಳದಲ್ಲಿ ಪ್ರಾರ್ಥನೆ ತಡವರಿಸುತ್ತ ಮುಂದುವರಿಯಿತು. ಅಷ್ಟರಲ್ಲಿ ಗೇಟಿನ ಬಳಿ ಮಕ್ಕಳು ಬರತೊಡಗಿದ್ದರು. ಯಜಮಾನಿ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ ನಿಂತಿದ್ದಳು.