ಡ್ಯೂಟಿಗೆ ಮುಂಚಿನ ಹನ್ನೊಂದು ನಿಮಿಷ

ಮನೆಯಲ್ಲಿ ಅವಳನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಏಳನೆಯ ವಯಸ್ಸಿನಲ್ಲಿ ಗೊಂಬೆಯ ತಲೆ ಬಾಚುತ್ತಾ ಕೂತು ಶಾಲೆಯ ಬಸ್ಸು ತಪ್ಪಿಸಿಕೊಂಡ ದಿನ ಅಕ್ಕ ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ನಲವತ್ತೊಂದು ತುಂಬಿ, ಮಗಳು ಕಾಲೇಜು ಮೆಟ್ಟಿಲು ಹತ್ತಿದರೂ ಆ ಹೆಸರು ಬೆನ್ನು ಬಿಟ್ಟಿರಲಿಲ್ಲ. ಹಾಗೆಂದು ಅವಳಿಗೆ ಬೇಸರವೇನೂ ಇರಲಿಲ್ಲ, ಆ ನಿಧಾನವೇ ಅವಳ ಹೊಟ್ಟೆಪಾಡಾಗಿತ್ತು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕುರ್ಚಿ, ಎರಡು ಕನ್ನಡಿಯ ಅವಳ ಪಾರ್ಲರ್ ಇತ್ತು. ಒಬ್ಬ ಮದುಮಗಳನ್ನು ಸಿದ್ಧಪಡಿಸಲು ಅವಳಿಗೆ ಮೂರು ಗಂಟೆ ಬೇಕು. ಮದುಮಗಳ ಚಿಕ್ಕಮ್ಮಂದಿರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿ ನೋಡಿ ಗೊಣಗುತ್ತಿದ್ದರು. ಹುಡುಗಿ ಈಚೆ ಬಂದಳೋ, ಗೊಣಗಾಟ ನಿಲ್ಲಿಸಿ ತಮ್ಮ ಮನೆಯ ಮುಂದಿನ ಮದುವೆಗೂ ಅವಳನ್ನೇ ಗೊತ್ತುಮಾಡಿ ಹೋಗುತ್ತಿದ್ದರು.

ಅಕ್ಕ ಇದಕ್ಕೆ ತದ್ವಿರುದ್ಧ. ದೊಡ್ಡ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ನರ್ಸ್, ಈಗ ಮೂರನೆಯ ಮಹಡಿಯ ವಾರ್ಡಿನ ಮುಖ್ಯಸ್ಥೆ. ಊರಿಗೆಲ್ಲ ಸಿಸ್ಟರ್ ಆಗಿದ್ದವಳು ಒಡಹುಟ್ಟಿದ ತಂಗಿಗೆ ಸಿಗುತ್ತಿದ್ದುದು ವಾರಕ್ಕೊಮ್ಮೆ, ಅದೂ ಫೋನಿನಲ್ಲಿ, ಎರಡೇ ನಿಮಿಷ. ತಂಗಿಯ ಪಾರ್ಲರಿನ ಮೆಟ್ಟಿಲನ್ನು ಹತ್ತು ವರ್ಷದಲ್ಲಿ ಒಮ್ಮೆಯೂ ಹತ್ತಿದವಳಲ್ಲ. ಮೇಕಪ್ಪಿನ ಮಾತೆತ್ತಿದರೆ ಮೂಗು ಮುರಿದು, ಸೋರುವ ಗೋಡೆಗೆ ಸುಣ್ಣ ಬಳಿದ ಹಾಗೆ ಎನ್ನುತ್ತಿದ್ದಳು.

ಅಂಥ ಅಕ್ಕ ಒಂದು ಸೋಮವಾರ ತಾನಾಗಿ ಫೋನ್ ಮಾಡಿದಳು. ಆಸ್ಪತ್ರೆಯವರು ನರ್ಸುಗಳ ಯೋಗಕ್ಷೇಮಕ್ಕೆಂದು ತಿಂಗಳಿಗೊಂದು ಕಾರ್ಯಕ್ರಮ ಇಟ್ಟಿದ್ದರಂತೆ. ಹೋದ ತಿಂಗಳು ಯಾರೋ ಒಬ್ಬರು ಬಂದು ಒತ್ತಡ ನಿಭಾಯಿಸುವುದು ಹೇಗೆಂದು ಭಾಷಣ ಮಾಡಿದಾಗ ಮೂವರು ಕೂತಲ್ಲೇ ಗೊರಕೆ ಹೊಡೆದರಂತೆ. ಈ ಸಲ ಏನು ಬೇಕು ಎಂದು ಕೇಳಿದ್ದಕ್ಕೆ ಹತ್ತೊಂಬತ್ತು ಜನ ಒಂದೇ ಉಸಿರಿಗೆ, ಬೆಳಗ್ಗೆ ಬೇಗ ಬೇಗ ಮುಖ ತಲೆ ನೋಡಿಕೊಳ್ಳುವ ಉಪಾಯ ಹೇಳಿಸಿ ಎಂದರಂತೆ. ಬೇಡ ಎಂದವಳು ಅಕ್ಕ ಒಬ್ಬಳೇ.

"ನಂಗಂತೂ ಇಷ್ಟ ಇಲ್ಲ," ಎಂದಳು ಅಕ್ಕ. "ಹುಡುಗೀರು ಜೀವ ತಿಂತಿದ್ದಾರೆ. ಬಟ್ಟೆ ಬದಲಾಯಿಸಿ ಚಾರ್ಜ್ ತಗೊಳ್ಳೋ ಮುಂಚೆ ಹನ್ನೊಂದು ನಿಮಿಷ ಸಿಗುತ್ತೆ. ಅಷ್ಟರಲ್ಲಿ ಹೇಳ್ಕೊಡೋಕೆ ಆಗುತ್ತಾ ನಿನ್ನ ಕೈಲಿ?"

ಆ ಕಡೆಯ ದನಿಯಲ್ಲಿದ್ದ ಅನುಮಾನ ನಿಧಾನಿಗೆ ಚುರುಕ್ಕೆಂದಿತು. ಆಗದೆ ಏನು ಎಂದುಬಿಟ್ಟಳು.

ಬುಧವಾರ ಬೆಳಗ್ಗೆ ಆರೂ ಮುಕ್ಕಾಲಿಗೆ ಅವಳು ಮದುವೆಗೆ ಒಯ್ಯುವ ದೊಡ್ಡ ಪೆಟ್ಟಿಗೆಯನ್ನೇ ಎಳೆದುಕೊಂಡು ನರ್ಸುಗಳ ಬಟ್ಟೆ ಬದಲಿಸುವ ಕೋಣೆಗೆ ಹೋದಳು. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ನಡುವೆ ಉದ್ದನೆಯ ಬೆಂಚು, ಹತ್ತೊಂಬತ್ತು ಜನಕ್ಕೆ ಸೇರಿ ಒಂದೇ ಕನ್ನಡಿ. ಒಬ್ಬಳು ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಶೂ ಹಾಕಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಬ್ರೆಡ್ಡು ಬಾಯಲ್ಲಿ ಕಚ್ಚಿಕೊಂಡೇ ಗುಂಡಿ ಹಾಕುತ್ತಿದ್ದಳು. ನಿಧಾನಿ ಇಪ್ಪತ್ತೆರಡು ಬ್ರಷ್ಷುಗಳನ್ನು ಅಳತೆಯ ಪ್ರಕಾರ ಜೋಡಿಸಿ ಮುಗಿಸುವಷ್ಟರಲ್ಲೇ ನಾಲ್ಕು ನಿಮಿಷ ಗಾಳಿಗೆ ಹೋಯಿತು. ಎಲ್ಲರಿಗಿಂತ ಚಿಕ್ಕವಳನ್ನು, ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿಯನ್ನು, ಮುಂದೆ ಕೂರಿಸಿಕೊಂಡು ಎಡಗಡೆಯಿಂದ ಶುರುಮಾಡಿದಳು. ಹುಬ್ಬು ತಿದ್ದಿ, ರೆಪ್ಪೆಗೆ ಎರಡು ಬಣ್ಣ ಬೆರೆಸಿ, ಕೆನ್ನೆಯ ಮೂಳೆ ಎತ್ತಿ ತೋರಿಸಿ, ಯಾಕೆ ಹಾಗೆ ಎಂದು ವಿವರಿಸಿ, ಬಲಗಡೆಗೆ ಬ್ರಷ್ ತಿರುಗಿಸಿದಳು ಎನ್ನುವಾಗ ಗಂಟೆ ಹೊಡೆಯಿತು. ಹತ್ತೊಂಬತ್ತು ಜನವೂ ಎದ್ದೆನೋ ಬಿದ್ದೆನೋ ಎಂದು ಓಡಿದರು. ಗುಬ್ಬಿಯೂ ಓಡಿದಳು, ಅರ್ಧ ಮುಖದೊಂದಿಗೆ.

ನಾಲ್ಕನೆಯ ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಅಜ್ಜ ಅದನ್ನು ನೋಡಿದ. ಡಾಕ್ಟರು ಬಂದಾಗ, ಇವತ್ತು ನನಗೆ ಇಬ್ಬರು ಸಿಸ್ಟರನ್ನು ಹಾಕಿದ್ದೀರಿ, ಕಿಟಕಿ ಕಡೆಯಿಂದ ಬರುವವಳು ಒಬ್ಬಳು, ಬಾಗಿಲ ಕಡೆಯಿಂದ ಬರುವವಳು ಇನ್ನೊಬ್ಬಳು, ತುಂಬಾ ಉಪಕಾರವಾಯಿತು ಎಂದ. ಡಾಕ್ಟರು ಗಾಬರಿಯಾಗಿ ಅಜ್ಜನ ಕಣ್ಣಿಗೆ ಟಾರ್ಚು ಬಿಟ್ಟು, ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದೆಲ್ಲ ಕೇಳಿದರು. ಅಜ್ಜ ಎಲ್ಲಕ್ಕೂ ಸರಿಯಾಗಿಯೇ ಉತ್ತರಿಸಿದ. ಅಷ್ಟರಲ್ಲಿ ಗುಬ್ಬಿ ಔಷಧದ ತಟ್ಟೆ ಹಿಡಿದು ಇತ್ತ ತಿರುಗಿದಳು. ಡಾಕ್ಟರು ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡು ಮುಂದಿನ ಹಾಸಿಗೆಗೆ ಹೋದರು.

ಸಂಜೆ ಅಕ್ಕನ ಫೋನು ಬಂದಾಗ ನಿಧಾನಿ ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದಳು. ಆ ಕಡೆಯಿಂದ ಬಿಕ್ಕಿದಂಥ ಸದ್ದು ಬಂತು. ಅಕ್ಕ ನಗುತ್ತಿದ್ದಳು. ಮಾತಾಡಲಾಗದಷ್ಟು ನಗುತ್ತಿದ್ದಳು. ಅಜ್ಜನ ಕಥೆಯನ್ನು ಮೂರು ಸಲ ಶುರುಮಾಡಿ ಮೂರು ಸಲವೂ ನಡುವೆ ಕೈಬಿಟ್ಟಳು. ಕೊನೆಗೆ ಉಸಿರು ತಿರುಗಿಸಿಕೊಂಡು, "ಇನ್ನೊಂದ್ಸಲ ಬಾ. ಆದ್ರೆ ಆ ಪೆಟ್ಟಿಗೆ ಮನೇಲಿಟ್ಟು ಬಾ," ಎಂದಳು.

ನಿಧಾನಿಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಕಲಿತ ವಿದ್ಯೆ ಹನ್ನೊಂದು ನಿಮಿಷದಲ್ಲಿ ಮಣ್ಣುಪಾಲಾಗಿತ್ತು. ಅವತ್ತು ಸರಿಯಾಗಿ ಊಟ ಸೇರಲಿಲ್ಲ. ಮರುದಿನ ಅಕ್ಕನಿಗೆ ತಾನೇ ಫೋನ್ ಮಾಡಿ, ಕಲಿಸುವುದಕ್ಕೆ ಮುಂಚೆ ಒಂದು ಹಗಲು ನಿಮ್ಮ ವಾರ್ಡಿನಲ್ಲಿ ಸುಮ್ಮನೆ ಕೂತು ನೋಡಬೇಕು ಎಂದಳು. ಅಕ್ಕ ಮೇಲಿನವರ ಅನುಮತಿ ಪಡೆದು, ಒಗೆದ ಬೆಡ್‌ಶೀಟುಗಳ ಕಪಾಟಿನ ಪಕ್ಕ ಒಂದು ಸ್ಟೂಲು ಹಾಕಿಸಿದಳು.

ಅಲ್ಲಿ ಕೂತು ನೋಡಿದ್ದು ಅವಳ ಕಣ್ಣು ತೆರೆಸಿತು. ಮಧ್ಯಾಹ್ನದೊಳಗೆ ಗುಬ್ಬಿ ಮೂವತ್ತೆಂಟು ಸಲ ಕೈ ತೊಳೆದಳು. ಬೆರಳಿನ ಗಂಟುಗಳು ಬಿರಿದು ಕೆಂಪಗಾಗಿದ್ದವು. ಮಾಸ್ಕಿನ ಒಳಗಿನ ಉಸಿರು ಮೇಲೇರಿ ಒಬ್ಬಳ ಐಲೈನರನ್ನು ಕರಗಿಸಿ ಕಣ್ಣಿನ ಕೆಳಗೆ ಇಳಿಸಿತ್ತು, ಒಂದು ಮಗು ಅವಳನ್ನು ಯಾರು ಹೊಡೆದರು ಎಂದು ಕೇಳಿತು. ಮೂಗಿನ ಮೇಲೆ, ಕೆನ್ನೆಯ ಮೇಲೆ ಎಲ್ಲರಿಗೂ ಮಾಸ್ಕಿನ ಗೆರೆ. ಎಲ್ಲಕ್ಕಿಂತ ಹೆಚ್ಚಾಗಿ ಅವಳು ಗಮನಿಸಿದ್ದು ತಲೆಗಳನ್ನು. ಐದು ಗಂಟೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನೇ ಹಿಂದಕ್ಕೆಳೆದು ಬಿಗಿಯಾಗಿ ಗಂಟು ಹಾಕಿ, ಮೇಲೊಂದು ಟೋಪಿ ಹೊದೆಸಿಬಿಟ್ಟರೆ ಅದು ಬಿಚ್ಚುವುದು ಮಧ್ಯಾಹ್ನದ ಮೇಲೇ. ಗುಬ್ಬಿಯ ಗಂಟಿನಿಂದ ನೀರು ಕಾಲರಿಗೆ ತೊಟ್ಟಿಕ್ಕುತ್ತಿತ್ತು. ಇಪ್ಪತ್ಮೂರರ ಹುಡುಗಿ, ಹಣೆಯ ಅಂಚಿನಲ್ಲಿ ಆಗಲೇ ಕೂದಲು ತೆಳುವಾಗಿತ್ತು.

ಮನೆಗೆ ಬಂದವಳೇ ಮಗಳನ್ನು ಕೂರಿಸಿ, ಫೋನಿನಲ್ಲಿ ಸಮಯ ಹಿಡಿ ಎಂದಳು. ಮೊದಲ ಸಲ ತನ್ನ ಮುಖಕ್ಕೆ ತಾನೇ ಮಾಡಿಕೊಂಡಾಗ ಇಪ್ಪತ್ತಾರು ನಿಮಿಷ. ಮಗಳು ಆಕಳಿಸಿ, ಅಷ್ಟರಲ್ಲಿ ರೋಗಿ ಗುಣವಾಗಿ ಮನೆಗೆ ಹೋಗಿರುತ್ತಾನೆ ಎಂದಳು. ನಿಧಾನಿ ಬ್ರಷ್ಷುಗಳನ್ನು ಒಂದೊಂದಾಗಿ ಕೆಳಗಿಡುತ್ತಾ ಹೋದಳು. ಹದಿನಾಲ್ಕು ನಿಮಿಷ. ಫೌಂಡೇಶನ್ ಬಿಟ್ಟಳು. ಒಂಬತ್ತು. ಐಲೈನರನ್ನು ಎರಡು ಸಲ ಎತ್ತಿ ಎರಡು ಸಲ ಇಟ್ಟು, ಕೊನೆಗೆ ಬಿಟ್ಟಳು. ಬ್ರಷ್ಷನ್ನೇ ಬಿಟ್ಟು ಬೆರಳಿಗೆ ಬಂದಳು. ಮಂಗಳವಾರ ನಾಲ್ಕು ನಿಮಿಷಕ್ಕೆ ಬಂದು ನಿಂತಾಗ ಕನ್ನಡಿ ನೋಡಿದರೆ, ಮೇಕಪ್ ಮಾಡಿದ ಹಾಗೇನೂ ಕಾಣಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದವಳ ಹಾಗೆ ಕಂಡಳು. ಮಗಳು ಆಕಳಿಸದೆ ಒಂದು ಕ್ಷಣ ಹೆಚ್ಚೇ ನೋಡಿ, ನನಗೂ ಮಾಡು ಎಂದಳು.

ಮುಂದಿನ ಬುಧವಾರ ಅವಳು ಒಂದು ಪುಟ್ಟ ಬಟ್ಟೆ ಚೀಲ ಮಾತ್ರ ಹಿಡಿದು ಹೋದಳು. ಬೆಂಚಿನ ಮೇಲೆ ಹತ್ತಿ ನಿಂತು ಮೊದಲು ಕ್ಷಮೆ ಕೇಳಿದಳು, ಗುಬ್ಬಿಯನ್ನು ವಿಶೇಷವಾಗಿ. ಆಮೇಲೆ ತಲೆಯ ವಿಷಯಕ್ಕೇ ಬಂದಳು.

"ಒದ್ದೆ ಕೂದಲು ಎಳೆದ್ರೆ ರಬ್ಬರ್ ಥರ ಹಿಗ್ಗಿ ಕಿತ್ತೋಗುತ್ತೆ. ಅದಕ್ಕೇ ಬೆಳಗ್ಗೆ ತಲೆಗೆ ನೀರು ಹಾಕ್ಕೋಬೇಡಿ. ಡ್ಯೂಟಿ ಮುಗಿಸಿ ಹೋಗಿ ತೊಳ್ಕೊಳ್ಳಿ, ಒಣಗಿಸಿ, ಸಡಿಲವಾಗಿ ಜಡೆ ಹಾಕಿ ಮಲಗಿ. ಬೆಳಗ್ಗೆ ಆ ಜಡೇನೇ ಸುತ್ತಿ ಎರಡು ಪಿನ್ ಚುಚ್ಚಿದ್ರೆ ಆಯ್ತು, ಮೂವತ್ತು ಸೆಕೆಂಡು. ಗಂಟು ಒಂದು ದಿನ ಕೆಳಗೆ ಇರ್ಲಿ, ಒಂದು ದಿನ ಪಕ್ಕಕ್ಕೆ ಇರ್ಲಿ. ದಿನಾ ಒಂದೇ ಕಡೆ ಎಳೀಬೇಡಿ, ಅದಕ್ಕೂ ನೋವಾಗುತ್ತೆ."

ಬ್ರೆಡ್ಡು ಕಚ್ಚಿಕೊಂಡಿದ್ದವಳು ಅಗಿಯುವುದನ್ನೂ ಮರೆತಿದ್ದಳು. ನಿಧಾನಿ ಮುಖಕ್ಕೆ ಬಂದಳು. ಮನೆ ಬಿಡುವಾಗಲೇ ಕ್ರೀಮ್ ಹಚ್ಚಿಬಿಟ್ಟರೆ ಮಾಸ್ಕ್ ಹಾಕುವ ಹೊತ್ತಿಗೆ ಅದು ಒಳಗಿಳಿದಿರುತ್ತದೆ, ಗೆರೆ ಅಷ್ಟು ಕೊರೆಯುವುದಿಲ್ಲ ಎಂದಳು. ಮುಖದ ಅರ್ಧ ಹೇಗೂ ಮುಚ್ಚಿರುತ್ತದೆ, ಅದಕ್ಕೆ ಬಣ್ಣ ದಂಡ. ಕಾಣುವುದು ಕಣ್ಣು. ಹುಬ್ಬನ್ನು ಹಳೆಯ, ತೊಳೆದ ಹಲ್ಲುಜ್ಜುವ ಬ್ರಷ್ಷಿನಿಂದ ಮೇಲಕ್ಕೆ ಬಾಚಿ, ರೆಪ್ಪೆಗೂದಲನ್ನು ಕರ್ಲರ್ ಎಂಬ ಚಿಮುಟದಿಂದ ಬಾಗಿಸಿದರೆ ಸಾಕು, ಕರಗಿ ಇಳಿಯುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಮನೆಗೆ ಹೊರಡುವಾಗ ಮಾಸ್ಕ್ ತೆಗೆದ ಮೇಲೆ ಲಿಪ್‌ಸ್ಟಿಕ್ಕಿನ ಒಂದು ಚುಕ್ಕೆ ತುಟಿಗೆ, ಅದನ್ನೇ ಬೆರಳಲ್ಲಿ ತೀಡಿ ಒಂದೊಂದು ಚುಕ್ಕೆ ಕೆನ್ನೆಗೆ. ಕೈ ತೊಳೆದು ತೊಳೆದು ಬಿರಿದವರು ಮಲಗುವ ಮುಂಚೆ ದಪ್ಪಗೆ ಕ್ರೀಮ್ ಹಚ್ಚಿ ಹಳೆಯ ಹತ್ತಿಯ ಕೈಗವಸು ಹಾಕಿಕೊಂಡರೆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಹೇಳುತ್ತಲೇ ಗುಬ್ಬಿಯ ಹುಬ್ಬು ರೆಪ್ಪೆ ಎರಡೂ ಕಡೆ ಮುಗಿಸಿದಳು. ಗಂಟೆ ಹೊಡೆಯಲು ಇನ್ನೂ ಎರಡು ನಿಮಿಷವಿತ್ತು. ಆ ಎರಡು ನಿಮಿಷ ಒಂದೇ ಕನ್ನಡಿಯ ಮುಂದೆ ಹತ್ತೊಂಬತ್ತು ಜನರ ನೂಕುನುಗ್ಗಲು.

ಅಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಚೆನ್ನಾಗಿತ್ತು ಎನ್ನಲಿಲ್ಲ. ಎಲ್ಲರೂ ಹೋದ ಮೇಲೆ, ನೀನು ಭಾನುವಾರ ಎಷ್ಟು ಹೊತ್ತಿಗೆ ಬಾಗಿಲು ಹಾಕ್ತೀಯ ಎಂದು ಮಾತ್ರ ಕೇಳಿದಳು.

ಭಾನುವಾರ ಮಧ್ಯಾಹ್ನ ಕೊನೆಯ ಗಿರಾಕಿ ಇಳಿದುಹೋದ ಮೇಲೆ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಸುತ್ತ ನೋಡಿ, ಕಿಟಕಿ ದೊಡ್ಡದಾಗಿದೆ ಎಂದಳು. ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂತು, ನಿನ್ನ ಮಗಳ ಪರೀಕ್ಷೆ ಯಾವಾಗ, ಕೆಳಗಿನ ಅಂಗಡಿಯವನು ಗಲಾಟೆ ಮಾಡುವುದಿಲ್ಲವೇ ಎಂದೆಲ್ಲ ಕೇಳಿದಳು. ನಿಧಾನಿಗೆ ಏನೋ ಇದೆ ಎಂದು ಗೊತ್ತಾಯಿತು, ಆದರೆ ಕೆದಕಲಿಲ್ಲ. ತಲೆ ಬಿಚ್ಚುವ ಮುಂಚೆ ಹೆಂಗಸರು ಏನೇನೋ ಮಾತಾಡುತ್ತಾರೆ ಎಂಬುದು ಅವಳ ಕಸುಬಿನ ಅನುಭವ.

ಕೊನೆಗೆ ಅಕ್ಕ ತಾನೇ ತಲೆಯ ಮೇಲಿನ ಸೆರಗು ಸರಿಸಿ ಪಿನ್ನುಗಳನ್ನು ಕೀಳತೊಡಗಿದಳು. ಗಂಟು ಬಿಚ್ಚಿದಾಗ ಅದರೊಳಗಿಂದ ಸುರುಳಿ ಸುತ್ತಿದ ಹಳೆಯ ಕಾಲುಚೀಲವೊಂದು ಮಡಿಲಿಗೆ ಬಿತ್ತು. ಗಂಟು ದಪ್ಪ ಕಾಣಲೆಂದು ಇಟ್ಟಿದ್ದು. ಇಳಿದ ಕೂದಲು ಇಲಿಯ ಬಾಲದಷ್ಟು. ಎರಡು ಕಿವಿಗಳ ಮೇಲೂ ಹಣೆಯ ಅಂಚಿನಲ್ಲೂ ಅಂಗೈ ಅಗಲ ಬೋಳಾಗಿತ್ತು.

"ಹದಿನೈದು ವರ್ಷ ಆಯ್ತು," ಎಂದಳು ಅಕ್ಕ, ಕನ್ನಡಿ ನೋಡದೆ. "ಆಸ್ಪತ್ರೇಲಿ ಟೋಪಿ, ಹೊರಗೆ ಸೆರಗು. ಯಾರಿಗೂ ತೋರಿಸಿಲ್ಲ. ನೀನು ಹುಡುಗೀರಿಗೆ ಹೇಳ್ತಿದ್ದಾಗ ನನಗೇ ಹೇಳ್ತಿದ್ದ ಹಾಗಿತ್ತು. ಇದು ಇನ್ನು ಬರಲ್ಲ ಅಲ್ವಾ?"

ಹತ್ತು ವರ್ಷ ಅಕ್ಕ ಇಲ್ಲಿಗೆ ಬಾರದೆ ಇದ್ದುದನ್ನು ನಿಧಾನಿ ತಾತ್ಸಾರ ಎಂದುಕೊಂಡು ಒಳಗೊಳಗೇ ನೊಂದಿದ್ದಳು. ಈ ತಲೆಯನ್ನು ಹೊತ್ತು ಯಾರು ತಾನೇ ಪಾರ್ಲರಿಗೆ ಬಂದಾರು?

"ಸುಳ್ಳು ಹೇಳಲ್ಲ ಅಕ್ಕ," ಎಂದಳು. "ಕೆಲವು ಕಡೆ ಬರಬಹುದು, ಕೆಲವು ಕಡೆ ಬರಲ್ಲ. ನಿಮ್ಮಾಸ್ಪತ್ರೆಯ ಚರ್ಮದ ಡಾಕ್ಟರಿಗೆ ನಾಳೇನೇ ತೋರಿಸು. ಇವತ್ತು ನನ್ನ ಕೆಲಸ ನಾನು ಮಾಡ್ತೀನಿ. ಕತ್ತರಿಸ್ಲಾ?"

ಅಕ್ಕ ಕಣ್ಣು ಮುಚ್ಚಿ ತಲೆಯಾಡಿಸಿದಳು. ಬಿಸಿನೀರಿನಲ್ಲಿ ತಲೆ ತೊಳೆದು ಬೆರಳ ತುದಿಯಿಂದ ನೆತ್ತಿ ನೀವುತ್ತಿದ್ದ ಹಾಗೆ ಅವಳಿಗೆ ನಿದ್ದೆ ಹತ್ತಿತು. ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಹಿಂದಕ್ಕೊರಗಿದಳು, ಬಾಯಿ ಸ್ವಲ್ಪ ತೆರೆಯಿತು. ನಿಧಾನಿ ಗಡಿಯಾರ ನೋಡಲಿಲ್ಲ. ಕೂದಲನ್ನು ಕಿವಿಯವರೆಗೆ ಗಿಡ್ಡ ಮಾಡಿ, ನೆತ್ತಿಯ ಎಳೆಗಳನ್ನು ಹಣೆಗೂ ಕಿವಿಯ ಮೇಲಕ್ಕೂ ಬೀಳುವಂತೆ ಪದರ ಪದರವಾಗಿ ಕತ್ತರಿಸಿದಳು. ಎರಡು ಸಲ ಫೋನು ಬಡಿದುಕೊಂಡಿತು, ಎತ್ತಲಿಲ್ಲ.

ಎಚ್ಚರಾದಾಗ ಅಕ್ಕ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು. ಹಣೆಯನ್ನು ಮುಟ್ಟಿ ನೋಡಿಕೊಂಡಳು. "ಕುತ್ತಿಗೆಗೆ ಗಾಳಿ ತಾಗ್ತಿದೆ," ಎಂದಳು, ದೂರು ಹೇಳುವವಳ ಹಾಗೆ, ಆದರೆ ಮುಖ ಅರಳಿತ್ತು. ಆ ಕಾಲುಚೀಲವನ್ನು ಕಸದ ಬುಟ್ಟಿಗೆ ಹಾಕಿ ಮೆಟ್ಟಿಲಿಳಿದಳು.

ಸೋಮವಾರ ವಾರ್ಡಿನ ಬಾಗಿಲಲ್ಲಿ, ಇನ್ನೂ ಸೀರೆಯಲ್ಲೇ ಇದ್ದ ಅಕ್ಕನನ್ನು ಹುಡುಗಿಯರು ಮೊದಲು ಗುರುತೇ ಹಿಡಿಯಲಿಲ್ಲವಂತೆ. ಗುಬ್ಬಿ, ರೋಗಿಗಳನ್ನು ನೋಡುವ ಸಮಯ ಸಂಜೆ ನಾಲ್ಕಕ್ಕೆ ಎಂದು ಹೇಳಿ ಹೊರಗೆ ಕಳಿಸಲು ನೋಡಿ, ದನಿ ಕೇಳಿ ನಾಲಿಗೆ ಕಚ್ಚಿಕೊಂಡಳಂತೆ. ಚರ್ಮದ ಡಾಕ್ಟರು ಹಚ್ಚಲು ಒಂದು ಔಷಧ ಕೊಟ್ಟರು. ನಾಲ್ಕು ತಿಂಗಳಾಗುವಷ್ಟರಲ್ಲಿ ಹಣೆಯ ಅಂಚಿನಲ್ಲಿ ಎಳೆ ಮಗುವಿನ ತಲೆಯಂತೆ ನಯವಾದ ಕೂದಲು ಮೂಡಿತು. ಕಿವಿಯ ಮೇಲಿನದು ಬರಲಿಲ್ಲ. ಅಕ್ಕ ಅದಕ್ಕೆ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಈಗ ನಿಧಾನಿ ಪ್ರತಿ ಬುಧವಾರ ಬೆಳಗ್ಗೆ ಆಸ್ಪತ್ರೆಗೆ ಹೋಗುತ್ತಾಳೆ. ಎರಡನೆಯ ಮಹಡಿಯವರು ಕೇಳಿದರು, ಆಮೇಲೆ ಲ್ಯಾಬಿನವರು, ಆಮೇಲೆ ಇಡೀ ದಿನ ಒಲೆಯ ಆವಿಯಲ್ಲಿ ಬೇಯುವ ಅಡುಗೆಮನೆಯ ಹೆಂಗಸರು. ಅವರ ತಲೆಗೆ ಬೇರೆಯೇ ಉಪಾಯ ಬೇಕಾಗಿದ್ದರಿಂದ ಅವಳು ಅಲ್ಲೂ ಒಂದು ದಿನ ಸ್ಟೂಲು ಹಾಕಿಕೊಂಡು ಕೂತಳು. ಕೆಲಸ ಮುಗಿದ ಮೇಲೆ ಅಕ್ಕ ಅವಳನ್ನು ಕ್ಯಾಂಟೀನಿಗೆ ಕರೆದೊಯ್ಯುತ್ತಾಳೆ. ಇಬ್ಬರೂ ಟೀ ಮುಂದಿಟ್ಟುಕೊಂಡು ಹತ್ತು ನಿಮಿಷ ಕೂರುತ್ತಾರೆ. ಹೋದ ವಾರ ಅಕ್ಕ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಈ ಬಿಳಿ ಕೂದಲಿಗೆ ಸ್ವಲ್ಪ ಕೆಂಪು ಬಣ್ಣ ಹಾಕಿಸಿದರೆ ವಯಸ್ಸಿಗೆ ಮೀರಿದ್ದಾಗುತ್ತದೆಯೇ ಎಂದು ವಿಚಾರಿಸಿದಳು.