ಡಬ್ಬದ ಮುಚ್ಚಳ ತೆಗೆಯುವ ಉಳಿ

ಬಸ್ ನಿಲ್ದಾಣದ ಎದುರಿನ ಹಳೆಯ ಸಿನಿಮಾ ಮಂದಿರ ಮುಚ್ಚಿ ಆ ಜಾಗದಲ್ಲಿ ಅಗ್ಗದ ಅಂಗಡಿ ತೆರೆದಾಗ ಊರಿಗೆ ಊರೇ ಒಳಗೆ ನುಗ್ಗಿತು. ನನ್ನ ಅಣ್ಣನೂ ಹೋಗಿ ಬಂದ. ಅವನು ಹೋದದ್ದು ಕೊಳ್ಳುವುದಕ್ಕಲ್ಲ, ಬೈಯುವುದಕ್ಕೆ ಸರಕು ತರುವುದಕ್ಕೆ.

"ಬೊಂಬೆ ಪಕ್ಕದಲ್ಲಿ ಉಳಿ ನೇತು ಹಾಕಿದಾರೆ ಕಣೇ," ಎಂದ, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. "ಈ ಕಡೆ ಶಾಂಪೂ, ಆ ಕಡೆ ಪ್ಲಾಸ್ಟಿಕ್ ಹೂವು, ಮಧ್ಯದಲ್ಲಿ ಉಳಿ. ಉಗುರಲ್ಲಿ ತಟ್ಟಿ ನೋಡಿದೆ, ಸದ್ದೇ ಇಲ್ಲ. ನೆಂದ ರಟ್ಟು ತಟ್ಟಿದ ಹಾಗೆ. ಬಣ್ಣದ ಡಬ್ಬದ ಮುಚ್ಚಳ ತೆಗೀಬಹುದು ಅದರಲ್ಲಿ, ಅಷ್ಟೇ."

ಅಣ್ಣ ಬಡಗಿ. ನಮ್ಮಪ್ಪನೂ ಬಡಗಿಯೇ. ಅಪ್ಪ ಕೆಲಸ ಮಾಡುತ್ತ ಪದ್ಯ ಹೇಳುತ್ತಿದ್ದ. ಒಂದು ಸಾಲಿಗೆ ಹತ್ತರಿ ಹಲಗೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು, ಸಾಲು ನಿಲ್ಲುವಲ್ಲಿ ಮರದ ಸುರುಳಿ ಕಳಚಿ ಬೀಳಬೇಕು. ನಾನು ಮೂಲೆಯಲ್ಲಿ ಕುರ್ಚಿಗೆ ಬೆತ್ತ ಹೆಣೆಯುತ್ತ ಕೇಳುತ್ತಿದ್ದೆ. ಈಗಲೂ ನನ್ನ ಕಸುಬು ಅದೇ. ಪದ್ಯದ ಅರ್ಥ ಎಷ್ಟು ತಲೆಗೆ ಹೋಯಿತೋ ದೇವರೇ ಬಲ್ಲ, ಉಕ್ಕಿನ ಸದ್ದು ಮಾತ್ರ ಕಿವಿಯಲ್ಲಿ ನಿಂತಿತು. ಅಣ್ಣನಿಗೆ ಪದ್ಯ ಹತ್ತಲಿಲ್ಲ, ಅವನ ಪಾಲಿಗೆ ಬಂದದ್ದು ಅಪ್ಪನ ಸಾಮಾನಿನ ಪೆಟ್ಟಿಗೆ. ಪದ್ಯದ ಜಾಗದಲ್ಲಿ ಬೈಗುಳ ಇಟ್ಟುಕೊಂಡ. ಅದಕ್ಕೂ ಒಂದು ಲಯವಿತ್ತು ಎನ್ನಬೇಕು.

ಆ ಪೆಟ್ಟಿಗೆಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಬಡಗಿಯಾದವನು ತನ್ನ ಸಾಮಾನನ್ನು ಯಾರಿಗೂ ಕೊಡಬಾರದು, ಅದು ಕೈಯನ್ನೇ ಕಳಚಿ ಕೊಟ್ಟ ಹಾಗೆ ಎಂಬುದು ಅಪ್ಪನ ಕಾಲದ ಕಟ್ಟುಪಾಡು. ಅಪ್ಪನಲ್ಲಿ ಅದು ಶಿಸ್ತಾಗಿತ್ತು, ಅಣ್ಣನಲ್ಲಿ ಜಿಪುಣತನವಾಯಿತು. ಸ್ವಂತ ಮಗಳಿಗೂ ಕೊಡಲಿಲ್ಲ. ಅತ್ತಿಗೆ ತೀರಿಕೊಂಡ ಮೇಲೆ ನನ್ನ ಕೈಯಲ್ಲಿ ಬೆಳೆದ ಹುಡುಗಿ ಅವಳು. ಅಂಟು ಕಲಸಿದಳು, ಮರಳು ಕಾಗದ ಉಜ್ಜಿದಳು, ಹಲಗೆಯ ಇನ್ನೊಂದು ತುದಿ ಹಿಡಿದು ನಿಂತೇ ದೊಡ್ಡವಳಾದಳು. ಕೆಲಸವನ್ನೆಲ್ಲ ಕಣ್ಣಲ್ಲೇ ಕದ್ದಳು. ಉಳಿ ಕೇಳಿದಾಗಲೆಲ್ಲ ಅಣ್ಣನದು ಒಂದೇ ಉತ್ತರ.

"ನಾನು ಹೋದಮೇಲೆ ತಗೋ."

"ಯಾವಾಗ ಹೋಗ್ತೀಯ ಅಂತ ಹೇಳು, ಕಾಯ್ತೀನಿ," ಎಂದಳು ಒಂದು ದಿನ. ಅವಳು ಚಪ್ಪಲಿ ಮೆಟ್ಟಿ ನೇರ ಆ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಮಲಗಿಸಿದ್ದ ಒಂದು ಇಡೀ ಸೆಟ್ಟು ತಂದಳು. ನಾಲ್ಕು ಉಳಿ, ಗರಗಸ, ಸ್ಕ್ರೂಡ್ರೈವರ್, ಟೇಪು, ರಸಮಟ್ಟ, ಕ್ಲ್ಯಾಂಪು. ಚೀಲಕ್ಕೆ ಒಂದು ಒತ್ತುಗುಂಡಿ, ಎಷ್ಟು ಒತ್ತಿದರೂ ಕೂರುತ್ತಿರಲಿಲ್ಲ.

ಮುಂದಿನ ಕೆಲವು ವಾರ ನಮ್ಮ ಮನೆಯಲ್ಲಿ ಅಣ್ಣನಿಗೆ ಹಬ್ಬ. ಸ್ಕ್ರೂಡ್ರೈವರಿನ ಮೂತಿ ಮೊದಲ ತಿರುವಿಗೇ ಮೇಣದ ಹಾಗೆ ಸುತ್ತಿಕೊಂಡಿತು. ಟೇಪು ಹೊರಗೆ ಬಂದದ್ದು ಒಳಗೆ ಹೋಗಲು ಒಪ್ಪಲಿಲ್ಲ. ರಸಮಟ್ಟವನ್ನು ಅಣ್ಣ ಬೆಳಕಿಗೆ ಹಿಡಿದು, "ಪಾಪ, ಈ ಗುಳ್ಳೆಗೆ ಮಧ್ಯ ಅಂದ್ರೆ ಎಲ್ಲಿ ಅಂತಾನೇ ಯಾರೂ ಹೇಳಿಕೊಟ್ಟಿಲ್ಲ," ಎಂದ. ನಾನೂ ನಕ್ಕೆ. ನಗದೆ ಏನು ಮಾಡಲಿ? ಕಸಕ್ಕೆ ಹೊಳೆಯುವ ಬಣ್ಣ ಬಳಿದು ಮಾರುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಅದರಲ್ಲೂ ಚೀಲದ ಮೇಲೆ 'ವೃತ್ತಿಪರರಿಗಾಗಿ' ಎಂದು ಅಚ್ಚು ಹಾಕಿದ್ದರು. ಯಾವ ವೃತ್ತಿಯೋ!

ಹುಡುಗಿ ಜಗಳಕ್ಕೆ ಬರಲಿಲ್ಲ. ಸ್ಕ್ರೂಡ್ರೈವರು, ಟೇಪು, ರಸಮಟ್ಟ ಮೂರನ್ನೂ ತಾನೇ ಬುಟ್ಟಿಗೆ ಎಸೆದಳು.

"ಇವು ಸುಳ್ಳು ಹೇಳ್ತವೆ, ಅತ್ತೆ. ಇಟ್ಕೊಳಕ್ಕಾಗಲ್ಲ," ಎಂದಳು. "ಕ್ಲ್ಯಾಂಪು ಚೆನ್ನಾಗೇ ಇದೆ, ಹಿಡಿ ಅಂದ್ರೆ ಹಿಡಿಯುತ್ತೆ. ಗರಗಸ ನಡೆಯುತ್ತೆ. ಉಳಿ ಮಾತ್ರ..."

"ಉಳಿ ಮಾತ್ರ ಏನು?" ಅಣ್ಣ ಹತ್ತಿರದಲ್ಲೇ ಇದ್ದ.

"ಉಕ್ಕು ಮೆದು. ಅದಕ್ಕೆ ತಕ್ಕ ಹಾಗೆ ಮಸೀಬೇಕು."

ಅವಳು ಮಸೆದದ್ದನ್ನು ನಾನು ನೋಡಿದೆ. ಅಣ್ಣನ ಉಳಿಗಳ ಅಂಚು ಎಲೆಯ ತುದಿಯಂತೆ ತೆಳ್ಳಗೆ, ಉದ್ದಕ್ಕೆ ಇಳಿಜಾರಾಗಿರುತ್ತಿತ್ತು. ಇವಳದು ಮೋಟು ಮೂಗು, ಗಿಡ್ಡ ಇಳಿಜಾರು. ನೋಡಲು ಚಂದವಿಲ್ಲ, ಮರವನ್ನು ಕತ್ತರಿಸುವಾಗ ಸ್ವಲ್ಪ ಗೊಣಗುತ್ತಿತ್ತು. ಆದರೆ ಗೊಣಗುತ್ತಲೇ ಕೆಲಸ ಮುಗಿಸುತ್ತಿತ್ತು. ಅಣ್ಣ ಒಂದು ಸಲ ಕಣ್ಣು ಹಾಯಿಸಿ ಮುಖ ತಿರುಗಿಸಿದ, ಯಾರೋ ಬಟ್ಟೆಯಿಲ್ಲದೆ ನಿಂತ ಹಾಗೆ.

ಅಷ್ಟರಲ್ಲಿ ಬಂದವರು ಹಲ್ಲಿನ ಡಾಕ್ಟರು. ಮೂಲೆ ಕಟ್ಟಡದಲ್ಲಿ ಹೊಸದಾಗಿ ಚಿಕಿತ್ಸಾಲಯ ತೆರೆಯುತ್ತಿದ್ದ ಹೆಂಗಸು. ಮಾತಾಡುವಾಗ ಎದುರಿನವರ ಕಣ್ಣನ್ನು ಬಿಟ್ಟು ಬಾಯನ್ನೇ ನೋಡುತ್ತಿದ್ದರು, ಸೊಕ್ಕೋ ಅಭ್ಯಾಸವೋ. ಒಳಕೋಣೆಗೆ ಬಾಗಿಲು ಕೂರಿಸಬೇಕು, ಉಪಕರಣ ಇಡಲು ಗೋಡೆಯುದ್ದಕ್ಕೂ ಡ್ರಾಯರುಗಳು ಬೇಕು, ಕಾಯುವ ಕೋಣೆಯ ಹಳೆಯ ಕುರ್ಚಿಗಳಿಗೆ ಬೆತ್ತ ಬೇಕು. ಅಣ್ಣ ಗಾಜು ಮತ್ತು ಟೈಲಿನ ಆ ಪೆಟ್ಟಿಗೆಯೊಳಗೆ ತಾನು ಕಾಲಿಡುವುದಿಲ್ಲ ಎಂದುಬಿಟ್ಟ. ಬೆತ್ತಕ್ಕೆ ನಾನು ಒಪ್ಪಿದೆ. ಮಿಕ್ಕದ್ದನ್ನು ಹುಡುಗಿ ಕೇಳಿದಳು.

"ನೀವಾ?" ಡಾಕ್ಟರು ಅವಳ ಹಲ್ಲು ನೋಡಿದರು. "ಮೊದಲು ಬಾಗಿಲು ಕೂರಿಸಿ. ಅದು ಸರಿಯಾಗಿ ಮುಚ್ಚಿದ್ರೆ ಡ್ರಾಯರ್ ಎಲ್ಲ ನಿಮಗೇ. ಇಲ್ಲಾಂದ್ರೆ ಬೇರೆಯವರಿದ್ದಾರೆ."

ಅವಳ ಹೆಸರಲ್ಲಿ ಬಂದ ಮೊದಲ ಕೆಲಸ ಅದು. ಅದು ಕೈತಪ್ಪಿದರೆ ಮತ್ತೆ ಅಂಟು ಕಲಸುವುದು, ಹಲಗೆಯ ತುದಿ ಹಿಡಿಯುವುದು, ಅಣ್ಣ ಹೋಗುವುದನ್ನು ಕಾಯುವುದು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಬಾಗಿಲು ಕೂರಿಸುವ ಹಿಂದಿನ ದಿನ ಮಧ್ಯಾಹ್ನ ಅವಳು ಬಾಗಿಲಿನ ಕೀಲುಗಳನ್ನು ತರಲು ಹೋಗಿದ್ದಳು. ನನ್ನ ಕಿವಿಗೆ ಸಾಣೆಕಲ್ಲಿನ ಸದ್ದು ಬಿತ್ತು. ಉದ್ದನೆಯ ಎಳೆತ, ಒಂದು ಉಸಿರು, ಮತ್ತೆ ಉದ್ದನೆಯ ಎಳೆತ. ಪದ್ಯ ಓದುವವರು ಸಾಲಿನ ಕೊನೆಯ ಅಕ್ಷರವನ್ನು ಎಳೆದು ಬಿಡುತ್ತಾರಲ್ಲ, ಹಾಗೆ. ಇಣುಕಿದರೆ ಅಣ್ಣ ಕುಕ್ಕರುಗಾಲಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ಆ ಪ್ಲಾಸ್ಟಿಕ್ ಚೀಲ ಬಾಯಿ ತೆರೆದು ಬಿದ್ದಿದೆ.

"ಅವಳಿಗೆ ಹೇಳ್ಬೇಡ," ಎಂದ, ತಲೆ ಎತ್ತದೆ. "ಇಂಥ ಮೋಟು ಉಳಿ ಹಿಡ್ಕೊಂಡು ನನ್ನ ಮಗಳು ಇನ್ನೊಬ್ಬರ ಬಾಗಿಲಿಗೆ ಹೋದ್ರೆ ನೋಡಿದೋರು ಏನಂತಾರೆ? ಥೂ, ಮೂಗು ನೋಡು ಇದರದ್ದು."

"ನಿನ್ನದೇ ಒಂದು ಕೊಟ್ಟುಬಿಡಬಹುದಿತ್ತು," ಎಂದೆ.

"ಕೊಡೋದಾ?" ನಾನು ಅವನ ಮೂತ್ರಪಿಂಡ ಕೇಳಿದಂತೆ ನೋಡಿದ.

ಆದರೂ ನನ್ನ ಮನಸ್ಸು ತಣ್ಣಗಾಯಿತು. ಬೈಯುತ್ತಲೇ ಮಗಳ ಉಳಿ ಮಸೆಯುವ ಅಪ್ಪ! ರಾಜಿಯಾಯಿತು ಎಂದುಕೊಂಡು ಬೆತ್ತಕ್ಕೆ ಮರಳಿದೆ.

ಮರುದಿನ ಬೆಳಿಗ್ಗೆ ನಾನು ಕಾಯುವ ಕೋಣೆಯಲ್ಲಿ ಕುರ್ಚಿ ಬೋರಲು ಹಾಕಿಕೊಂಡು ಕೂತೆ. ಹುಡುಗಿ ಎದುರಿನ ಚೌಕಟ್ಟಿನಲ್ಲಿ ಕೀಲು ಕೂರುವ ಹಳ್ಳಕ್ಕೆ ಗೆರೆ ಎಳೆದಳು. ಗಾಜು ಮತ್ತು ಟೈಲಿಗೆ ಕಾಲಿಡೆನೆಂದ ಅಣ್ಣ "ಸುಮ್ನೆ ಬಂದೆ" ಎನ್ನುತ್ತ ಬಂದು, ಬೆನ್ನ ಹಿಂದೆ ಕೈಕಟ್ಟಿ ಗೋಡೆಗೆ ಒರಗಿದ. ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು. ಡಾಕ್ಟರು ಒಳಗಿನಿಂದ ಇಣುಕಿ ಅವನ ಬಾಯನ್ನೊಮ್ಮೆ ನೋಡಿ ಹೋದರು.

ಮೊದಲ ಏಟಿಗೆ ಉಳಿ ಬೆಣ್ಣೆಗಿಳಿದಂತೆ ಇಳಿಯಿತು. ಗೊಣಗಾಟವೇ ಇಲ್ಲ. ಹುಡುಗಿ ಹುಬ್ಬು ಏರಿಸಿದಳು. ಎರಡನೆಯ ಕೀಲಿನ ಹತ್ತಿರ ಮರದಲ್ಲಿ ಒಂದು ಗಂಟಿತ್ತು. ಅಲ್ಲಿ ಸದ್ದು ಬದಲಾಯಿತು. ಟಕ್ ಎನ್ನುವ ಕಡೆ ಪಚ್ ಎಂದಿತು. ನನ್ನ ಕೈಯಲ್ಲಿ ಬೆತ್ತ ನಿಂತಿತು. ಅಂಚು ಮಡಚಿಕೊಂಡು, ಉಳಿ ಅಡ್ಡ ಜಾರಿ, ಚೌಕಟ್ಟಿನ ಮುಖದಿಂದಲೇ ಹೆಬ್ಬೆರಳಗಲದ ಚಕ್ಕೆ ಎದ್ದು ಟೈಲಿನ ಮೇಲೆ ಬಿತ್ತು.

ಡಾಕ್ಟರು ಆ ಸದ್ದಿಗೇ ಹೊರಗೆ ಬಂದರು. ಅಣ್ಣನಿಗೆ ಬೇಕಾಗಿದ್ದ ಸಭೆ ಸೇರಿತು.

"ನೋಡಿದ್ರಾ ಮೇಡಂ? ನಾನು ಹೇಳ್ತಾನೇ ಇದ್ದೆ. ಬೊಂಬೆ ಪಕ್ಕದಲ್ಲಿ ನೇತಾಡ್ತಿದ್ದ ಉಳಿ ಅದು. ಅಗ್ಗಕ್ಕೆ ಸಿಗತ್ತೆ ಅಂತ ಹಲ್ಲು ಕೀಳೋ ಇಕ್ಕಳಾನೂ ಅಲ್ಲೇ ತಗೊಂಡ್ರೆ ಏನಾಗತ್ತೆ ನಿಮ್ಮ ಕೆಲಸ? ಮರಕ್ಕೂ ಮಾನ ಇದೆ ಮೇಡಂ. ಇಂಥದಕ್ಕೆಲ್ಲ ಉಳಿ ಅಂತ ಹೆಸರಿಡೋದೇ..."

ಹುಡುಗಿ ಕೇಳುತ್ತಿರಲಿಲ್ಲ. ಉಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದಳು. ಉದ್ದನೆಯ ಇಳಿಜಾರು. ಎರಡೂ ಮೂಲೆ ಒಂದು ಕೂದಲೆಳೆಯಷ್ಟು ಇಳಿಸಿದ್ದು. ಮೂಲೆ ಹಾಗೆ ಇಳಿಸುವುದು ಈ ಊರಲ್ಲಿ ಅಣ್ಣ ಒಬ್ಬನೇ, ಅಪ್ಪ ಕಲಿಸಿದ್ದು.

"ಅಪ್ಪ," ಎಂದಳು. "ಇದನ್ನ ಮಸೆದದ್ದು ಯಾರು?"

ಅಣ್ಣನ ಭಾಷಣ ವಾಕ್ಯದ ನಡುವೆಯೇ ನಿಂತಿತು. ಅವನು ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ, ಚೆನ್ನಾಗಿ ನೋಡಿದೆ.

"ಮೊಂಡಾಗಿತ್ತು," ಎಂದ ಕೊನೆಗೆ.

"ಮೊಂಡು ಮಾಡಿದ್ದು ನಾನೇ. ನಿನ್ನ ಉಕ್ಕಿಗೆ ತೆಳು ಮೂಗು ತಡೆಯತ್ತೆ, ಇದಕ್ಕೆ ತಡೆಯಲ್ಲ. ನನಗೆ ಗೊತ್ತಿತ್ತು. ಕೆಟ್ಟದ್ದು ಅಂತ ಬೈದಷ್ಟು ದಿನದಲ್ಲಿ, ಹೇಗೆ ಕೆಟ್ಟದ್ದು ಅಂತ ಒಂದು ದಿನವಾದ್ರೂ ನೋಡಿದ್ಯಾ?"

ಎಂಥ ಮನುಷ್ಯ ಎನಿಸಿತು ನನಗೆ. ಅದು ಕಸ ಎಂದು ಊರಿಗೆಲ್ಲ ಸಾರಿದವನು, ಕೈಗೆತ್ತಿಕೊಂಡಾಗ ಅಪ್ಪನ ಉಳಿಯಂತೆಯೇ ಮಸೆದಿದ್ದ. ಅವನ ಕೈಗೆ ಬೇರೆ ರೀತಿಯೇ ಗೊತ್ತಿರಲಿಲ್ಲ. ತನ್ನ ತಿರಸ್ಕಾರವನ್ನು ತಾನೇ ನಂಬದವನಿಗೆ ಏನನ್ನೋಣ?

ಅಣ್ಣ ಕಂಕುಳಿನ ಬಟ್ಟೆ ಬಿಚ್ಚಿದ. ಒಳಗೆ ಅಪ್ಪನ ಅಗಲದ ಉಳಿ ಇತ್ತು, ಹಿಡಿ ಕಪ್ಪಾಗಿ ಹೊಳೆಯುತ್ತಿತ್ತು. ಅದನ್ನು ಮಗಳ ಕಡೆ ಚಾಚಿದ. ಜೀವಮಾನದಲ್ಲಿ ಅವನು ಇನ್ನೊಬ್ಬರಿಗೆ ಸಾಮಾನು ಚಾಚಿದ್ದನ್ನು ನಾನು ಕಂಡದ್ದು ಆವತ್ತೇ.

ಹುಡುಗಿ ಅದನ್ನು ನೋಡಿದಳು. ಎಷ್ಟು ವರ್ಷ ಬೇಡಿದ್ದಳೋ ಅದನ್ನು.

"ಇರಲಿ ಅಪ್ಪ. ಆಮೇಲೆ ಬಣ್ಣದ ಡಬ್ಬದ ಮುಚ್ಚಳ ತೆಗೀಬೇಕಾದಾಗ ಕೇಳ್ತೀನಿ."

ಅಣ್ಣ ಬಿಸಿ ತಾಗಿದವನಂತೆ ಉಳಿಯನ್ನು ಎದೆಗೆ ಎಳೆದುಕೊಂಡ.

ಅವಳು ಹೊರಗಿನ ಮೆಟ್ಟಿಲಲ್ಲಿ ಕೂತು ಕಲ್ಲಿಗೆ ನೀರು ಚಿಮುಕಿಸಿ ಮಸೆದಳು. ಚಿಕ್ಕ ಚಿಕ್ಕ ಎಳೆತ. ಪದ್ಯವಲ್ಲ ಅದು, ಮಗುವಿಗೆ ಗದರುವ ಮಾತಿನಂತೆ. ಮೋಟು ಮೂಗು ಮರಳಿ ಬಂತು. ಚಕ್ಕೆ ಎದ್ದ ಜಾಗವನ್ನು ಚೊಕ್ಕವಾಗಿ ಕೊರೆದು, ಅದೇ ಮರದ ತುಂಡೊಂದನ್ನು ಆ ಆಕಾರಕ್ಕೆ ಕೆತ್ತಿ, ಅಂಟು ಹಚ್ಚಿ ಅಂಗಡಿಯ ಕ್ಲ್ಯಾಂಪು ಬಿಗಿದಳು. ಕ್ಲ್ಯಾಂಪು ಹಿಡಿ ಎಂದದ್ದನ್ನು ಹಿಡಿಯಿತು. ಅಂಟು ಒಣಗುವ ತನಕ ಉಳಿದ ಕೀಲುಗಳ ಹಳ್ಳ ತೆಗೆದಳು. ಗೊಣಗಾಟ ಮತ್ತೆ ಕೇಳಿಸಿತು. ಆ ಗೊಣಗಾಟ ನನ್ನ ಕಿವಿಗೆ ಹಿತವಾಗಿದ್ದು ಆವತ್ತೇ.

ಸಂಜೆಗೆ ಬಾಗಿಲು ನಿಂತಿತು. ಡಾಕ್ಟರು ತಾವೇ ಮುಚ್ಚಿದರು. ಉಜ್ಜಲಿಲ್ಲ, ಕಿರುಗುಟ್ಟಲಿಲ್ಲ. ಮಾತು ಮುಗಿಸಿ ಬಾಯಿ ಮುಚ್ಚಿದಂಥ ಮೆತ್ತನೆಯ ಸದ್ದು. ಆಮೇಲೆ ಬಗ್ಗಿ, ತೇಪೆಯ ಮೇಲೆ ಉಗುರು ಹರಿಸಿದರು.

"ಕಾಣತ್ತೆ," ಎಂದರು.

"ಕಾಣತ್ತೆ ಮೇಡಂ," ಎಂದಳು ಹುಡುಗಿ.

"ಅಲ್ಲಾಡಲ್ಲ." ಇನ್ನೊಮ್ಮೆ ಒತ್ತಿ ನೋಡಿದರು. "ಕುಳಿ ತುಂಬೋ ಕೆಲಸ ನನಗೂ ಗೊತ್ತು. ಡ್ರಾಯರ್ ನೀವೇ ಮಾಡಿ. ಇದೇ ಉಳಿನೋ ಬೇರೆಯದೋ ನಿಮ್ಮಿಷ್ಟ. ಆದ್ರೆ ಒಂದು..." ಗೋಡೆಯ ಕಡೆ ಗದ್ದ ಎತ್ತಿದರು. "ಅವರನ್ನ ಮಾತ್ರ ಕರ್ಕೊಂಡು ಬರಬೇಡಿ. ನನ್ನ ಹತ್ರ ಬರೋರು ಮೊದಲೇ ಹೆದರಿರ್ತಾರೆ."

ದಾರಿಯುದ್ದಕ್ಕೂ ಅಣ್ಣ ನಮಗಿಂತ ಮುಂದೆ ನಡೆದ. ಅಗ್ಗದ ಅಂಗಡಿಯ ಮುಂದೆ ಹಾಯುವಾಗ ಅಭ್ಯಾಸಬಲದಿಂದ ಕ್ಯಾಕರಿಸಿದ, ಯಾಕೋ ಉಗುಳದೆ ನುಂಗಿಕೊಂಡ.

ಮರುದಿನ ಬೆಳಿಗ್ಗೆ ಮತ್ತೆ ಸಾಣೆಕಲ್ಲಿನ ಸದ್ದು. ಈ ಸಲ ಚಿಕ್ಕ ಎಳೆತ, ಹೊಂದಿಕೊಳ್ಳದ ಎಳೆತ, ಪ್ರತಿ ಎಳೆತಕ್ಕೂ ಒಂದು ಬೈಗುಳ. "ಇದೂ ಒಂದು ಉಕ್ಕಾ? ಹಿಟ್ಟಲ್ಲಿ ಮಾಡಿದಾರೆ. ಥೂ." ಅಣ್ಣ ಕುಕ್ಕರುಗಾಲಲ್ಲಿ ಕೂತು, ಮೊನ್ನೆ ತಾನೇ ತೆಳ್ಳಗೆ ಮಸೆದು ಹಾಳು ಮಾಡಿದ್ದ ಮಿಕ್ಕ ಉಳಿಗಳ ಮೂಗನ್ನು ಮೋಟು ಮಾಡಲು ಒದ್ದಾಡುತ್ತಿದ್ದ. ಮಗಳು ಮಾತು ಬಿಟ್ಟಿದ್ದರಿಂದ ನನ್ನ ಮೂಲಕ ಕೇಳಿದ.

"ಇನ್ನೂ ಎಷ್ಟು ಮೋಟು ಬೇಕಂತೆ? ಕೇಳು ಅವಳನ್ನ."

ಕೇಳುವ ಅಗತ್ಯವಿರಲಿಲ್ಲ, ಒಳಗಿನಿಂದ ಅವಳೇ ಹೇಳಿದಳು.

"ಮುಟ್ಟಬೇಡ ಅಂತ ಹೇಳು, ಅತ್ತೆ. ನನ್ನ ಸಾಮಾನು ನಾನು ಯಾರ ಕೈಗೂ ಕೊಡಲ್ಲ."

ಅಣ್ಣನ ಕೈ ನಿಂತಿತು. ಅಪ್ಪನ ಮಾತು ಆ ಮನೆಯಲ್ಲಿ ಅಷ್ಟು ನೆಟ್ಟಗೆ ಕೇಳಿ ಎಷ್ಟೋ ಕಾಲವಾಗಿತ್ತು. ಅವನು ಉಳಿಯನ್ನು ಪಂಚೆಗೆ ಒರೆಸಿದ, ಒಂದು ಸಲ ಉಗುರಲ್ಲಿ ತಟ್ಟಿ ಕೇಳಿದ, ಮುಖ ಸಿಂಡರಿಸಿದ. ಆಮೇಲೆ ಎಲ್ಲವನ್ನೂ ಆ ದರಿದ್ರ ಪ್ಲಾಸ್ಟಿಕ್ ಚೀಲಕ್ಕೆ ಒಂದೊಂದಾಗಿ ಸೇರಿಸಿ, ಕೂರದ ಒತ್ತುಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ, ಒತ್ತುತ್ತ ಕೂತ.