ಹಾವಿಗೆ ಇಟ್ಟ ಹಾಲು

ರಾಜೇಶ್ವರಿ ಬೇಸ್‌ಮೆಂಟಿನ ಬಾಗಿಲ ಬಳಿ ಮಂಡಿಯೂರಿ ಟವೆಲಿಗಾಗಿ ತಡಕಾಡಿದರು. ಹತ್ತು ವರ್ಷಗಳಿಂದ ಬಾಗಿಲ ಸಂದಿಗೆ ತುರುಕಿಯೇ ಇದ್ದ ಟವೆಲು ಅಲ್ಲಿರಲಿಲ್ಲ. ಯಾರೋ ಅದನ್ನು ತೊಳೆದು ಹಿಂಡಿ ಕುರ್ಚಿಯ ಮೇಲೆ ಒಣಹಾಕಿದ್ದರು. ಬಾಗಿಲು ಅಂಗೈಯಗಲ ತೆರೆದಿತ್ತು.

ಗಂಡ ವಿಶ್ವನಾಥರ ದಹನ ಮುಗಿಸಿ ಎಲ್ಲರೂ ಪರದೇಶದ ಎಟೋಬಿಕೋಕ್ ಊರಿನ ಮನೆಗೆ ಆಗತಾನೇ ಬಂದಿದ್ದರು. ತೊಳೆದ ಕಾಲುಗಳು ಇನ್ನೂ ಆರಿರಲಿಲ್ಲ. ಅಡುಗೆಮನೆಯಿಂದ ಜಯಶೀಲಾ ಬಂದರು. ಮೈಸೂರಿನವರು, ಪಕ್ಕದ ಬೀದಿಯಲ್ಲೇ ಮನೆ. ಮಿಕ್ಕವರು ದಹನಕ್ಕೆ ಹೋದಾಗ ನೆಲ ಒರೆಸಿ, ಫೋಟೋದ ಮುಂದಿನ ದೀಪ ಆರದಂತೆ ನೋಡಿಕೊಳ್ಳಲು ಉಳಿದಿದ್ದರು.

"ಕೆಳಗ ಯಾರರೆ ಹೋಗಿದ್ರೇನು?"

"ನಾನೇ ಹೋಗಿದ್ದೆ ಅಕ್ಕ. ಯಜಮಾನರು ಹೋದ ದಿನ ಅವು ಉಪವಾಸ ಇರಬಾರದು ಅಂತ ಒಂದೊಂದು ಬಟ್ಟಲು ಹಾಲಿಟ್ಟು ಕೈಮುಗಿದು ಬಂದೆ. ಆ ಹಾವಿನ ಪೆಟ್ಟಿಗೆಗಳ ಕ್ಲಿಪ್ಪು ಎಷ್ಟು ಬಿಗಿ ಅಂತೀರಿ, ಉಗುರೇ ಮುರೀತು."

"ತಿರುಗಿ ಹಾಕಿದ್ರಿಲ್ಲೋ?"

"ಮುಚ್ಚಳ ಮುಚ್ಚಿದೆ. ಕ್ಲಿಪ್ಪು ಹಾಕಲಿಲ್ಲ. ಇವತ್ತೊಂದು ದಿನ ನಾಗಪ್ಪನ್ನ ಬಂಧನದಲ್ಲಿಡೋದು ಬೇಡ ಅನ್ನಿಸ್ತು."

ಹಾವು ಹಾಲು ಕುಡಿಯುವುದಿಲ್ಲ ಎಂದು ಬಂದ ಬಂದವರಿಗೆಲ್ಲ ಹೇಳಿ ಹೇಳಿ ವಿಶ್ವನಾಥರು ಸೋತಿದ್ದರು. ಆದರೆ ರಾಜೇಶ್ವರಿಗೆ ಜಯಶೀಲಾರನ್ನು ಬೈಯಲು ಬಾಯಿ ಬರಲಿಲ್ಲ. ಧಾರವಾಡದಲ್ಲಿ ಪ್ರತಿ ಪಂಚಮಿಗೂ ಮಣ್ಣಿನ ನಾಗಪ್ಪನಿಗೆ ಹಾಲೆರೆದೇ ಬೆಳೆದವರು ತಾವೂ ಅಲ್ಲವೇ.

ಮಗ ಹರ್ಷವರ್ಧನ ಕೆಳಗೆ ಹೋಗಿ, ಹೋದಷ್ಟೇ ಬೇಗ ಮೇಲೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಬಾಕೀವು ಅವ ಅಮ್ಮ. ಆ ಬಿಗ್ ಫೀಮೇಲ್ ಇಲ್ಲ. ಲಿಡ್ ನೆಲದ ಮ್ಯಾಲೆ ಬಿದ್ದದ."

*

೧೯೯೪ರಲ್ಲಿ ಒಂದು ಸಂಜೆ ವಿಶ್ವನಾಥರು ಜಾರ್ಜ್‌ಟೌನಿನ ಪ್ರಾಣಿಗಳ ಅಂಗಡಿಯಿಂದ ಒಂದು ದಿಂಬಿನ ಚೀಲ ತಂದು ಊಟದ ಮೇಜಿನ ಮೇಲಿಟ್ಟರು. ಚೀಲ ತಾನಾಗಿಯೇ ಮಗ್ಗಲು ಹೊರಳಿತು.

"ಏನ್ರೀ ಅದು?"

"ಹೆಬ್ಬಾವಿನ ಮರಿ. ಇಂಡೋನೇಷ್ಯಾದ ಕಾಡಾಗ ಹಿಡದು ಕಳಿಸ್ಯಾರ. ಮೈತುಂಬ ಉಣ್ಣಿ ಅವ ನೋಡು. ಆ ಅಂಗಡಿಯಂವನ ಹತ್ರ ಬಿಟ್ಟಿದ್ರ ಸಾಯ್ತಿತ್ತು."

ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ನಕ್ಷೆ ಬರೆದುಕೊಂಡಿದ್ದ ಎಂಜಿನಿಯರು ಅವರು. ಸಾಹೇಬರ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ. ಮನೆಯ ಫೋನು ಬಡಿದುಕೊಂಡರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವ ಪುಣ್ಯಾತ್ಮ. ಅಂಥವರು ಆ ಸಂಜೆ ದೀಪ ಹತ್ತಿರಕ್ಕೆಳೆದುಕೊಂಡು, ಚಿಮಟದಿಂದ ಒಂದೊಂದೇ ಉಣ್ಣಿ ಕಿತ್ತರು. ಮರಿ ಮೇಲಿಂದ ಮೇಲೆ ಕಚ್ಚಿತು. ಮೇಜಿನ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿದರೂ ಅವರ ಕೈ ಅಲುಗಲಿಲ್ಲ. ಗಂಡನಿಗೆ ಇಂಥದೊಂದು ಮುಖವಿದೆ ಎಂದು ರಾಜೇಶ್ವರಿಗೆ ಗೊತ್ತೇ ಇರಲಿಲ್ಲ. ಹೆದರಿಕೆಯ ಜೊತೆಗೆ, ಸುಳ್ಳೇಕೆ, ಹೊಟ್ಟೆಕಿಚ್ಚೂ ಆಯಿತು.

"ನನಗ ಹೆದರಿಕಿ ಆಗ್ತದ್ರೀ."

"ನಿನ್ನ ಹೆದರಿಕಿ ನಾಕು ದಿನದ್ದು. ಕಾಡಾಗ ಹಿಡದದ್ದಕ್ಕ ಹಂಗಲ್ಲ. ಅದು ಸಾಯೂತನಕ ಹೆದರಿಕೋತನ ಇರ್ತದ."

ರಾಜೇಶ್ವರಿಯ ಹೆದರಿಕೆ ನಾಲ್ಕು ದಿನಕ್ಕೆ ಮುಗಿಯಲಿಲ್ಲ. ಅವರು 'ಹಾವು' ಎಂದು ಬಾಯಿಬಿಟ್ಟು ಅನ್ನದೆ 'ಹುಳ' ಎನ್ನುತ್ತಿದ್ದರು. ಬೇಸ್‌ಮೆಂಟಿನ ಮೆಟ್ಟಿಲನ್ನು ಮತ್ತೆ ಇಳಿಯಲಿಲ್ಲ. ಬಟ್ಟೆ ಒಗೆಯುವ ಮಶೀನು ಕೆಳಗಿತ್ತಾದ್ದರಿಂದ ಅಂದಿನಿಂದ ಬಟ್ಟೆಯೆಲ್ಲ ಗಂಡನೇ ಒಗೆದರು. ಕನ್ನಡ ಕೂಟದ ಹೆಂಗಸರು ಇವರದು ಏನು ಪುಣ್ಯ ಎಂದು ಕರುಬುತ್ತಿದ್ದರು. ಟವೆಲಿನ ಸುದ್ದಿ ಅವರಿಗೇನು ಗೊತ್ತು.

ಆಮೇಲೆ ಗಂಡು ಬಂತು, ಬೇರೆ ಜಾತಿಯವೂ ಬಂದವು, ಅವು ಮರಿಯೂ ಹಾಕಿದವು. "ಮನಿಯಾಗ ಹುಟ್ಟಿದ್ದು ಸಿಕ್ಕರ ಯಾರೂ ಕಾಡಿಗೆ ಹೋಗಿ ಹಿಡಿಯೂದಿಲ್ಲ" ಎನ್ನುವುದು ವಿಶ್ವನಾಥರ ಆಸೆ. ಆದರೆ ಮೊದಲು ತಂದ ಆ ಹೆಣ್ಣು ಮಾತ್ರ ವರ್ಷಗಟ್ಟಲೆ ಗಂಡನ್ನು ಹತ್ತಿರ ಸೇರಿಸಲಿಲ್ಲ, ಪಳಗಲೂ ಇಲ್ಲ. ಕೊನೆಗೆ ಈ ಚಳಿಗಾಲದಲ್ಲಿ ಅದರ ಹೊಟ್ಟೆ ಉಬ್ಬಿತು. ವಿಶ್ವನಾಥರು ಸೂಲಗಿತ್ತಿಯ ಹಾಗೆ ಹತ್ತಿ ಇಳಿದು ಮಾಡುತ್ತಿದ್ದರು. ಹಾಗೆ ಹತ್ತಿ ಬರುವಾಗಲೇ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಸೇರಿಸಿದ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

*

ಪಡಸಾಲೆಯಲ್ಲಿ ನಿವೃತ್ತ ಡಾಕ್ಟರು ಸತ್ಯಪ್ರಕಾಶ್ ಗೆಳೆಯನ ಗುಣಗಾನ ನಡೆಸಿದ್ದರು. ಹಾವೂ ಸಾಯದಂತೆ ಕೋಲೂ ಮುರಿಯದಂತೆ, "ಬಹಳ ಪ್ರಾಣಿಪ್ರಿಯ" ಎಂದಷ್ಟೇ ಹೇಳಿ ಮುಂದೆ ಹೋಗಿದ್ದರು. ಹರ್ಷವರ್ಧನ ಬಂದು ಸುದ್ದಿ ಹೇಳಿದ.

"ಎಷ್ಟು ಉದ್ದ ಇದೆಯಪ್ಪಾ?"

"ನೈನ್ ಫೀಟ್ ಅಂಕಲ್."

ಡಾಕ್ಟರು ಎರಡೂ ಕಾಲನ್ನು ಸೋಫಾದ ಮೇಲೆತ್ತಿಕೊಂಡರು. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಕುರ್ಚಿ, ಪರದೆ, ಬಾಗಿಲ ಬಳಿಯ ಬೂಟುಗಳ ರಾಶಿ ಎಂದು ಓಡಾಡುತ್ತಿರುವಾಗ ರಾಜೇಶ್ವರಿ ಸೊಸೆಯ ಬರಿಯ ಕೈ ನೋಡಿದರು.

"ಲೀನಾ, ಕೂಸು ಎಲ್ಲಿ?"

"ನಿಮ್ ಬೆಡ್‌ರೂಮಲ್ಲಿ ಅತ್ತೆ. ಕೋಟ್ಸ್ ಪಕ್ಕ ಮಲಗಿಸಿದೀನಿ. ಅಲ್ಲೇ ವಾರ್ಮ್ ಇತ್ತು." ಹೇಳುತ್ತ ಹೇಳುತ್ತಲೇ ಲೀನಾ ಕೋಣೆಯ ಕಡೆ ತಿರುಗಿದಳು.

ನಾಲ್ಕು ತಿಂಗಳ ನಿಧಿ. ಹರ್ಷವರ್ಧನ ಹಿಮ ಎತ್ತುವ ಸಲಿಕೆಯನ್ನು ಸೆಳೆದುಕೊಂಡು ಓಡಿದ. ರಾಜೇಶ್ವರಿ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ನೀ ನುಗ್ಗಿದ್ರ ಕೂಸು ಎದ್ದು ಕೈಕಾಲು ಬಡೀತದ. ಅದು ಹೆದರೇದ, ಇನ್ನಷ್ಟು ಹೆದರ್ತದ. ನಾ ಹೋಗ್ತೀನಿ."

"ಅಮ್ಮ, ನೀನಾ?"

ಬಳೆ ಗಲ್ಲೆಂದವು. ಬೆಳಿಗ್ಗೆ ಹೆಂಗಸರೆಲ್ಲ ಸೇರಿ, ಆ ಹಳೇ ಶಾಸ್ತ್ರ ಈ ದೇಶದಲ್ಲಿ ಬೇಡ, ರಾಜೇಶ್ವರಿಯ ಬಳೆಗೆ ಯಾರೂ ಕೈಹಾಕಬಾರದು ಎಂದು ತೀರ್ಮಾನಿಸಿದ್ದರು. ರಾಜೇಶ್ವರಿ ಈಗ ತಾವೇ ಒಂದೊಂದಾಗಿ ಸದ್ದಾಗದಂತೆ ಕಳಚಿ ಜಯಶೀಲಾರ ಅಂಗೈಯಲ್ಲಿಟ್ಟರು. ಜಯಶೀಲಾ ಸೆರಗು ಬಾಯಿಗೆ ಒತ್ತಿಕೊಂಡರು.

ಕೋಣೆಯ ಪರದೆ ಎಳೆದಿತ್ತು. ಮಂಚದ ಕಾಲ ಬದಿಗೆ ಬಂದವರ ಕೋಟುಗಳ ಗುಡ್ಡೆ. ತಮ್ಮ ಮಗ್ಗುಲಲ್ಲಿ, ಶಾಲಿನ ಮೇಲೆ ನಿಧಿ ಮುಷ್ಟಿ ಬಿಗಿದು ಮಲಗಿದ್ದಳು. ಗಂಡನ ಮಗ್ಗುಲಲ್ಲಿ ಹೊದಿಕೆ ಉಬ್ಬಿತ್ತು.

ಅದು ಕರೆಂಟಿನ ಹೊದಿಕೆ. ಎರಡು ಮಗ್ಗುಲಿಗೆ ಬಿಸಿ ಏರಿಸಿ ಇಳಿಸುವ ಎರಡು ಗುಂಡಿ. ವಿಶ್ವನಾಥರು ಆಸ್ಪತ್ರೆಯಲ್ಲಿದ್ದಾಗಲೂ ರೂಢಿಯಂತೆ ಸಂಜೆಯಾದರೆ ರಾಜೇಶ್ವರಿ ಅವರ ಕಡೆಯದನ್ನು ಹಚ್ಚುತ್ತಿದ್ದರು. ನಿನ್ನೆ ಹಚ್ಚಿದ್ದನ್ನು ಆರಿಸುವುದಕ್ಕೆ ಮನಸ್ಸು ಬಂದಿರಲಿಲ್ಲ.

ಉಬ್ಬು ಅಲುಗಿತು. ರಾಜೇಶ್ವರಿ ಮಂಚದ ಅಂಚು ಹಿಡಿದುಕೊಂಡರು. ಉಸಿರು ಬಿಗಿಹಿಡಿದು ಬಾಗಿ, ಶಾಲಿನ ಸಮೇತ ಕೂಸನ್ನು ಎತ್ತಿದರು. ನಿಧಿ ತುಟಿ ಚಪ್ಪರಿಸಿ ಮತ್ತೆ ನಿದ್ದೆಹೋದಳು. ಬಾಗಿಲಲ್ಲಿ ಚಾಚಿದ್ದ ಲೀನಾಳ ಕೈಗೆ ಕೂಸನ್ನು ದಾಟಿಸಿದ ಮೇಲೆ ಅವರಿಗೆ ಉಸಿರು ತಿರುಗಿತು.

"ಆನಿಮಲ್ ಕಂಟ್ರೋಲಿಗೆ ಕಾಲ್ ಮಾಡ್ತೀನಿ," ಹರ್ಷವರ್ಧನ ಪಿಸುಗುಟ್ಟಿದ. "ಬಾ ಹೊರಗ."

"ಮಾಡು. ಅವರು ಬರೂತನಕ ಯಾರರೆ ನೋಡ್ಕೋತ ಕೂಡಬೇಕಲ್ಲ. ಮತ್ತೆಲ್ಲೆರೆ ಹೋದ್ರ?"

ಅವರು ಬಾಗಿಲು ಮುಂದೆ ಮಾಡಿ ತಮ್ಮ ಮಗ್ಗುಲಿನ ತುದಿಯಲ್ಲಿ ಕುಳಿತರು. ಹೊದಿಕೆಯ ಅಂಚು ಒಂದಿಷ್ಟು ಸರಿದಿತ್ತು. ಕಂದು ಸುರುಳಿಯ ನಡುವೆ ಬೆಳ್ಳಗೆ, ಒದ್ದೆಯಾಗಿ, ಒಂದು ಮೊಟ್ಟೆ. ಅದರ ಮೇಲೆ ಒರಗಿದ್ದ ತಲೆ ಇವರತ್ತ ತಿರುಗಿತು. ಬಾಯಿ ತೆರೆಯಲಿಲ್ಲ. ಇಡೀ ಸುರುಳಿ ಅದುರುತ್ತಿತ್ತು, ಇವರ ಕೈಯೂ ಅದುರುತ್ತಿತ್ತು.

ಗಂಡನ ಗುಂಡಿ ಎರಡು ದಿಂಬುಗಳ ನಡುವೆ ಬಿದ್ದಿತ್ತು. ರಾಜೇಶ್ವರಿ ಹೆಬ್ಬಾವಿನ ಕಣ್ಣಿನಿಂದ ಕಣ್ಣು ತೆಗೆಯದೆ ಬರಿಗೈ ಚಾಚಿ, ಬಿಸಿಯನ್ನು ಒಂದು ಅಂಕಿ ಹೆಚ್ಚಿಸಿದರು.